ವನಗೂರು–ಬಿಸಿಲೆ ಸೀಮೆಯ ಪ್ರವಾಸಿ ವಸತಿ

ವನಗೂರು–ಬಿಸಿಲೆ ಸೀಮೆಯು ಕರ್ನಾಟಕದ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ದಕ್ಷಿಣ ಭಾಗದಲ್ಲಿರುವ ಪಶ್ಚಿಮ ಘಟ್ಟದ ಬೆಟ್ಟಪ್ರದೇಶ. ಇಲ್ಲಿನ ಪ್ರವಾಸಿ ವಸತಿಯ ಬಹುಪಾಲು ಕಾಫಿ ತೋಟಗಳ ಮನೆಗಳಲ್ಲಿ ನಡೆಯುವ ಹೋಂಸ್ಟೇಗಳ ರೂಪದಲ್ಲಿದೆ. ಅನೇಕ ತೋಟದ ಮನೆಗಳಿಗೆ ಡಾಂಬರು ರಸ್ತೆ ಇಲ್ಲ. ಅತಿಥಿಗಳು ತಮ್ಮ ಕಾರನ್ನು ಹಳ್ಳಿಯಲ್ಲಿಯೋ ರಸ್ತೆಬದಿಯ ಮನೆಯಂಗಳದಲ್ಲಿಯೋ ನಿಲ್ಲಿಸಿ, ಉಳಿದ ದಾರಿಯನ್ನು ಜೀಪಿನಲ್ಲಿ ಅಥವಾ ಕಾಲ್ನಡಿಗೆಯಲ್ಲಿ ಕ್ರಮಿಸಬೇಕಾಗುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ವಸತಿ ಹುಡುಕುವುದೆಂದರೆ ಕೋಣೆಯೊಂದನ್ನು ಕಾಯ್ದಿರಿಸುವುದಷ್ಟೇ ಅಲ್ಲ. ವಾಹನ ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಮುಂದಿನ ದಾರಿ ಎಂಥದು, ಕತ್ತಲಾದ ಮೇಲೆ ಆ ದಾರಿಯಲ್ಲಿ ಸಂಚರಿಸಬಹುದೇ ಎಂಬ ಪ್ರಶ್ನೆಗಳೂ ಅದರಲ್ಲಿ ಸೇರಿವೆ.

ಭೌಗೋಳಿಕ ಹಿನ್ನೆಲೆ

ಸಕಲೇಶಪುರ ಪಟ್ಟಣವು ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹೇಮಾವತಿ ನದಿಯ ದಡದಲ್ಲಿದೆ. ಬೆಂಗಳೂರಿನಿಂದ ಸುಮಾರು 220 ಕಿ.ಮೀ., ಹಾಸನದಿಂದ ಸುಮಾರು 40 ಕಿ.ಮೀ. ದೂರದಲ್ಲಿರುವ ಈ ಪಟ್ಟಣ ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಪಟ್ಟಣದ ಪಶ್ಚಿಮಕ್ಕೆ ಶಿರಾಡಿ ಘಾಟಿಯೂ ದಕ್ಷಿಣಕ್ಕೆ ಹೆತ್ತೂರು, ಯಸಳೂರು, ವನಗೂರು, ಬಿಸಿಲೆ ಗ್ರಾಮಗಳ ಬೆಟ್ಟಸೀಮೆಯೂ ಇವೆ. ಪೂರ್ವದ ಆಲೂರು ತಾಲ್ಲೂಕಿನಲ್ಲಿ ಬೆಟ್ಟಗಳು ತಗ್ಗಿ, ಮಲೆನಾಡು ಕ್ರಮೇಣ ಬಯಲುಸೀಮೆಯನ್ನು ಸೇರುತ್ತದೆ.

ವನಗೂರು ಕೂಡುರಸ್ತೆಯು ಸಕಲೇಶಪುರ, ಬಿಸಿಲೆ ಮತ್ತು ಸೋಮವಾರಪೇಟೆ ಕಡೆಯ ದಾರಿಗಳು ಸೇರುವ ಸ್ಥಳ. ಇಲ್ಲಿಂದ ಬಿಸಿಲೆ ಘಾಟಿಯನ್ನು ಇಳಿದರೆ ದಕ್ಷಿಣ ಕನ್ನಡ ಜಿಲ್ಲೆಯ ಕುಕ್ಕೆ ಸುಬ್ರಹ್ಮಣ್ಯವನ್ನು ತಲುಪಬಹುದು. ಬೆಟ್ಟಸಾಲಿನ ಈ ನೆತ್ತಿಯು ಜಲವಿಭಾಜಕವೂ ಆಗಿದೆ. ಪೂರ್ವಕ್ಕೆ ಬಿದ್ದ ಮಳೆನೀರು ಹೇಮಾವತಿಯ ಮೂಲಕ ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹರಿಯುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಬಿಸಿಲೆಯ ವೀಕ್ಷಣಾ ಸ್ಥಳದಿಂದ 1,712 ಮೀಟರ್ ಎತ್ತರದ ಕುಮಾರಪರ್ವತವೂ ಸುತ್ತಲಿನ ಶಿಖರಗಳೂ ಕಾಣುತ್ತವೆ. ವನಗೂರಿಗೆ ಸಮೀಪದ ಪಟ್ಲ ಬೆಟ್ಟ ಹುಲ್ಲುಗಾವಲು ಮತ್ತು ಶೋಲಾ ಕಾಡುಗಳಿಂದ ಕೂಡಿದೆ.

ಇತಿಹಾಸ

ಹಿಂದೆ ಈ ತಾಲ್ಲೂಕಿಗೆ ಮಂಜರಾಬಾದ್ ಎಂಬ ಹೆಸರಿತ್ತು. ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಆ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿಯನ್ ಪ್ಲಾಂಟರುಗಳು ಇಲ್ಲಿ ಕಾಫಿ ತೋಟಗಳನ್ನು ಎಬ್ಬಿಸಿದರು. ಅವರಲ್ಲಿ ಒಬ್ಬನಾದ ರಾಬರ್ಟ್ ಎಲಿಯಟ್ ಮೈಸೂರಿನ ಕಾಡುಗಳಲ್ಲಿನ ತನ್ನ ತೋಟಗಾರಿಕೆಯ ಅನುಭವಗಳನ್ನು ಕುರಿತ ಗ್ರಂಥವನ್ನು 1871ರಲ್ಲಿ ಪ್ರಕಟಿಸಿದನು. ತೋಟದ ನಡುವೆ ಎತ್ತರದ ಜಾಗದಲ್ಲಿ ಬಂಗಲೆ, ಅದರ ಕೆಳಗೆ ಕಾಫಿ ಒಣಗಿಸುವ ಕಣ, ಇನ್ನೂ ಕೆಳಗೆ ಕಾರ್ಮಿಕರ ಲೈನ್ ಮನೆಗಳು ಎಂಬ ವಿನ್ಯಾಸ ಆ ಕಾಲದಲ್ಲಿ ರೂಢಿಗೆ ಬಂದಿತು. ಇಂದು ಅತಿಥಿಗಳಿಗೆ ನೀಡಲಾಗುವ ವಸತಿಗಳಲ್ಲಿ ಇಂಥ ಬಂಗಲೆಗಳೂ ಸ್ಥಳೀಯ ಬೆಳೆಗಾರ ಕುಟುಂಬಗಳ ಹೆಂಚಿನ ತೊಟ್ಟಿಮನೆಗಳೂ ಸೇರಿವೆ.

ಹೋಂಸ್ಟೇ ಉದ್ಯಮವಾಗಿ ಬೆಳೆಯುವ ಮೊದಲು ಹೊರಗಿನಿಂದ ಬಂದವರಿಗೆ ಆಯ್ಕೆಗಳು ಕಡಿಮೆಯಿದ್ದವು. ಸರ್ಕಾರಿ ಅಧಿಕಾರಿಗಳಿಗೆ ಪ್ರವಾಸಿ ಮಂದಿರಗಳು, ಯಾತ್ರಿಕರಿಗೆ ಕುಕ್ಕೆಯ ಛತ್ರಗಳು, ಉಳಿದವರಿಗೆ ಪಟ್ಟಣದ ಲಾಡ್ಜುಗಳು ಅಥವಾ ನೆಂಟರ ಮನೆಗಳೇ ಗತಿಯಾಗಿದ್ದವು. ಚಾರಣಿಗರು ಹಳ್ಳಿಯ ಶಾಲೆಯ ಜಗುಲಿಯಲ್ಲಿ, ದೇವಸ್ಥಾನದ ಪೌಳಿಯಲ್ಲಿ ಅಥವಾ ಕೇಳಿಕೊಂಡು ಯಾರಾದರೊಬ್ಬರ ಮನೆಯಲ್ಲಿ ರಾತ್ರಿ ಕಳೆಯುತ್ತಿದ್ದರು.

ಈ ಸ್ಥಿತಿ ಬದಲಾಗಲು ಕಾಫಿ ಮಾರುಕಟ್ಟೆಯೂ ಒಂದು ಕಾರಣ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದಿತು. 1990ರ ದಶಕದಲ್ಲಿ ಭಾರತದ ಕಾಫಿ ಮಂಡಳಿಯ ಏಕಸ್ವಾಮ್ಯದ ಮಾರಾಟ ವ್ಯವಸ್ಥೆ ಹಂತಹಂತವಾಗಿ ಕೊನೆಗೊಂಡು ಬೆಳೆಗಾರರು ನೇರವಾಗಿ ಮುಕ್ತ ಮಾರುಕಟ್ಟೆಗೆ ಬಂದರು. 2000ರ ದಶಕದ ಆರಂಭದಲ್ಲಿ ಜಾಗತಿಕ ಬೆಲೆ ತೀವ್ರವಾಗಿ ಕುಸಿದಾಗ, ಮಲೆನಾಡಿನ ಅನೇಕ ಕುಟುಂಬಗಳು ಮನೆಯ ಖಾಲಿ ಕೋಣೆಗಳಲ್ಲಿ ಪೂರಕ ಆದಾಯದ ದಾರಿಯನ್ನು ಕಂಡವು. ಕೊಡಗು ಮತ್ತು ಚಿಕ್ಕಮಗಳೂರಿನಂತೆಯೇ ಸಕಲೇಶಪುರದ ತೋಟಗಳಲ್ಲಿಯೂ ಹೋಂಸ್ಟೇ ಹಬ್ಬಿತು.

ವಸತಿಯ ಬಗೆಗಳು

ಈ ಸೀಮೆಯ ಪ್ರವಾಸಿ ವಸತಿಗಳನ್ನು ಸ್ಥೂಲವಾಗಿ ಐದು ಬಗೆಯಾಗಿ ವಿಂಗಡಿಸಬಹುದು.

ಮನೆವಾಸದ ಹೋಂಸ್ಟೇ: ಮನೆಯವರು ವಾಸವಿರುವ ಮನೆಯಲ್ಲಿಯೇ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಡುವ ಪದ್ಧತಿ. ಊಟ ಮನೆಯ ಅಡುಗೆಯೇ ಆಗಿದ್ದು ಅಕ್ಕಿರೊಟ್ಟಿ, ಕಡುಬು, ಮಳೆಗಾಲದ ಕಳಲೆ ಪಲ್ಯ ಮುಂತಾದವು ಸಾಮಾನ್ಯ. ಸ್ನಾನದ ನೀರನ್ನು ಹಂಡೆಯೊಲೆಯಲ್ಲಿ ಕಾಯಿಸುವ ಮನೆಗಳು ಈಗಲೂ ಇವೆ. ಬಾಡಿಗೆಯನ್ನು ಕೋಣೆಗೆ ಬದಲಾಗಿ ತಲೆಗೆ ಇಷ್ಟೆಂದು, ಊಟ ಸೇರಿಸಿ ಹೇಳುವುದು ವಾಡಿಕೆ.

ತೋಟದ ಬಂಗಲೆ: ಮಾಲೀಕರು ಬೇರೆಡೆ ವಾಸವಿದ್ದು, ರೈಟರ್ ಅಥವಾ ಅಡುಗೆಯವರು ನೋಡಿಕೊಳ್ಳುವ ಮನೆ. ಒಂದೇ ಗುಂಪಿಗೆ ಪೂರ್ತಿಯಾಗಿ ಕೊಡುವುದು ಹೆಚ್ಚು.

ರೆಸಾರ್ಟ್: ಪ್ರವಾಸಿಗಳಿಗೆಂದೇ ಕಟ್ಟಿದ ಕುಟೀರಗಳ ಸಮೂಹ. ಇವು ಬಹುತೇಕ ಹೆದ್ದಾರಿಗೆ ಹತ್ತಿರವಾಗಿ, ವಾಹನ ಸುಲಭವಾಗಿ ತಲುಪುವ ಜಾಗಗಳಲ್ಲಿವೆ.

ಡೇರೆ ವಸತಿ: ತೋಟದ ಬಯಲಿನಲ್ಲಿ ಅಥವಾ ಹೊಳೆಯ ಬದಿಯಲ್ಲಿ ಹಾಕುವ ತಾತ್ಕಾಲಿಕ ಬಿಡಾರ. ಖರ್ಚು ಕಡಿಮೆಯಾದರೂ ಮಳೆ ಮತ್ತು ಕಾಡಾನೆಗಳ ದೃಷ್ಟಿಯಿಂದ ಅಪಾಯ ಹೆಚ್ಚು.

ಪಟ್ಟಣ ಮತ್ತು ಕ್ಷೇತ್ರದ ವಸತಿ: ಸಕಲೇಶಪುರದ ಲಾಡ್ಜುಗಳು ಹಾಗೂ ಘಾಟಿಯ ಕೆಳಗೆ ಕುಕ್ಕೆ ಸುಬ್ರಹ್ಮಣ್ಯ ದೇವಸ್ಥಾನದ ವಸತಿಗೃಹಗಳು. ಮಾರ್ಗಶಿರ ಮಾಸದ ಚಂಪಾಷಷ್ಠಿಯ ದಿನಗಳಲ್ಲಿ ಕುಕ್ಕೆಯಲ್ಲಿ ಕೋಣೆ ಸಿಗುವುದು ಕಷ್ಟ.

ಕೊನೆಯ ದಾರಿ

ತೋಟದ ಮನೆಯನ್ನು ಹಾದಿಹೋಕರ ಅನುಕೂಲಕ್ಕಾಗಿ ಕಟ್ಟಿದ್ದಲ್ಲ. ನೀರಿನ ಆಸರೆ, ಗಾಳಿಯ ಮರೆ, ಕಣಕ್ಕೆ ಬೇಕಾದ ಬಿಸಿಲು ಇವುಗಳನ್ನು ನೋಡಿ ಅದರ ಜಾಗವನ್ನು ಆರಿಸಲಾಗಿದೆ. ಹೀಗಾಗಿ ಡಾಂಬರು ರಸ್ತೆಯಿಂದ ಮನೆಗೆ ಕೆಲವು ನೂರು ಮೀಟರುಗಳಿಂದ ಹಲವು ಕಿಲೋಮೀಟರುಗಳವರೆಗೆ ಕಚ್ಚಾ ದಾರಿ ಇರುತ್ತದೆ. ಬೇಸಿಗೆಯಲ್ಲಿ ಸಾಮಾನ್ಯ ಕಾರು ಹೋಗುವ ದಾರಿಯಲ್ಲಿ ಮಳೆಗಾಲದಲ್ಲಿ ನಾಲ್ಕೂ ಚಕ್ರಗಳಿಗೆ ಎಳೆತವಿರುವ ಜೀಪು ಮಾತ್ರ ಏರಬಲ್ಲದು. ನಡುವೆ ಹಳ್ಳವಿದ್ದರೆ ಮಳೆ ಜೋರಾದಾಗ ಅದೂ ದಾಟಲಾಗದು.

ಇಂಥ ಕಡೆ ರೂಢಿಯಲ್ಲಿರುವ ವ್ಯವಸ್ಥೆ ಹೀಗಿದೆ: ಅತಿಥಿಗಳು ಗೊತ್ತುಪಡಿಸಿದ ಕೂಡುರಸ್ತೆಗೋ ಅಂಗಡಿಗೋ ಬರುತ್ತಾರೆ, ಅಲ್ಲಿ ಕಾರು ನಿಲ್ಲುತ್ತದೆ, ಹೋಂಸ್ಟೇಯ ಜೀಪು ಅಥವಾ ಪಿಕಪ್ ಬಂದು ಜನರನ್ನೂ ಸಾಮಾನನ್ನೂ ಒಯ್ಯುತ್ತದೆ. ಜೀಪಿನ ಬಾಡಿಗೆ ವಸತಿಯ ದರದಲ್ಲಿ ಸೇರಿದೆಯೇ ಇಲ್ಲವೇ ಎಂಬುದು ಮನೆಯಿಂದ ಮನೆಗೆ ಬೇರೆಯಾಗಿದ್ದು, ಅತಿಥಿ ಮತ್ತು ಮನೆಯವರ ನಡುವಿನ ತಕರಾರಿಗೆ ಹಲವೊಮ್ಮೆ ಇದೇ ಕಾರಣವಾಗುತ್ತದೆ. ಬಾಡಿಗೆ ಕಾರಿನಲ್ಲಿ ಬರುವವರು ಚಾಲಕರ ಊಟ ಮತ್ತು ಮಲಗುವ ವ್ಯವಸ್ಥೆಯನ್ನೂ ಮೊದಲೇ ಖಚಿತಪಡಿಸಿಕೊಳ್ಳಬೇಕಾಗುತ್ತದೆ. ವಾಹನ ಕೆಳಗೆ ಉಳಿದರೆ ಚಾಲಕರೂ ರಾತ್ರಿಯಿಡೀ ಅದರಲ್ಲಿಯೇ ಉಳಿಯುವಂತಾಗುವುದುಂಟು.

ಬಸ್ಸಿನಲ್ಲಿ ಬರುವವರಿಗೆ ಸಕಲೇಶಪುರದಿಂದ ಹೆತ್ತೂರು, ವನಗೂರು ಕಡೆಗೆ ಸಾರಿಗೆ ಸಂಸ್ಥೆಯ ಬಸ್ಸುಗಳಿದ್ದರೂ ಅವುಗಳ ಸಂಖ್ಯೆ ಕಡಿಮೆ. ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಆ ರಾತ್ರಿ ಪಟ್ಟಣದಲ್ಲಿಯೇ ತಂಗುವುದು ಸುರಕ್ಷಿತ.

ಎಡಕುಮರಿ: ರಸ್ತೆಯಿಲ್ಲದ ನಿಲ್ದಾಣ

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ರೈಲುಮಾರ್ಗದ ನಡುವಿನ ಎಡಕುಮರಿ ನಿಲ್ದಾಣವು ಕಾಡಿನ ಒಳಗಿದ್ದು, ಅದನ್ನು ರೈಲಿನ ಮೂಲಕವೇ ತಲುಪಬೇಕು. ಸುಮಾರು 55 ಕಿ.ಮೀ. ಉದ್ದದ ಈ ಘಾಟಿ ಮಾರ್ಗದಲ್ಲಿ 57 ಸುರಂಗಗಳೂ ನೂರಕ್ಕೂ ಹೆಚ್ಚು ಸೇತುವೆಗಳೂ ಇವೆ. 1979ರಲ್ಲಿ ಮೀಟರ್ ಗೇಜಿನಲ್ಲಿ ತೆರೆದ ಮಾರ್ಗವನ್ನು ಬ್ರಾಡ್ ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಲಾಯಿತು. ಪ್ರಯಾಣಿಕರ ಸಂಚಾರ 2007ರ ಡಿಸೆಂಬರಿನಲ್ಲಿ ಪುನರಾರಂಭವಾಯಿತು.

ಸಂಚಾರವಿಲ್ಲದ ಆ ವರ್ಷಗಳಲ್ಲಿ ಹಳಿಯ ಮೇಲೆ ನಡೆಯುವುದು 'ಹಸಿರು ಹಾದಿ'ಯ ಚಾರಣವೆಂದು ಹೆಸರಾಯಿತು. ಚಾರಣಿಗರು ದೋಣಿಗಾಲ್ ಕಡೆಯಿಂದ ಹೊರಟು ಎಡಕುಮರಿಯ ನಿಲ್ದಾಣದಲ್ಲಿ ಮಲಗಿ ಮುಂದುವರಿಯುತ್ತಿದ್ದರು. ರೈಲು ಮತ್ತೆ ಓಡತೊಡಗಿದ ಮೇಲೆ ಈ ಅಭ್ಯಾಸ ಪ್ರಾಣಾಂತಿಕವಾಗಿದೆ. ಸುರಂಗದ ಒಳಗೆ ಹಾಗೂ ಸೇತುವೆಯ ಮೇಲೆ ರೈಲು ಎದುರಾದರೆ ಸರಿದು ನಿಲ್ಲಲು ಜಾಗವಿರುವುದಿಲ್ಲ. ಹಳಿಯ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯಡಿ ಅಪರಾಧವಾಗಿದ್ದು, ಎಡಕುಮರಿಯನ್ನು ಈಗ ರಾತ್ರಿ ತಂಗುವ ಸ್ಥಳವೆಂದು ಪರಿಗಣಿಸುವಂತಿಲ್ಲ. ಘಾಟಿಯ ನೋಟವನ್ನು ಬಯಸುವವರಿಗೆ 2021ರ ಜುಲೈಯಲ್ಲಿ ಮಂಗಳೂರು–ಬೆಂಗಳೂರು ಹಗಲು ರೈಲುಗಳಲ್ಲಿ ಅಳವಡಿಸಿದ, ದೊಡ್ಡ ಗಾಜಿನ ಕಿಟಕಿಗಳ ವಿಸ್ಟಾಡೋಮ್ ಬೋಗಿಗಳು ಲಭ್ಯವಾಗಿವೆ.

ನೋಂದಣಿ ಮತ್ತು ಕಾನೂನು

ಕರ್ನಾಟಕದಲ್ಲಿ ಹೋಂಸ್ಟೇಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಸ್ಥಳೀಯ ಸಂಸ್ಥೆ ಮತ್ತು ಪೊಲೀಸರ ನಿರಾಕ್ಷೇಪಣೆ ಇದರ ಭಾಗವಾಗಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ವರ್ಗೀಕರಣ ಯೋಜನೆಯ ಪ್ರಕಾರ ಒಂದು ಮನೆಯಲ್ಲಿ 1ರಿಂದ 6 ಕೋಣೆಗಳನ್ನು ಮಾತ್ರ ಅತಿಥಿಗಳಿಗೆ ನೀಡಬಹುದು, ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು. ಮನೆಗಳನ್ನು ಸೌಲಭ್ಯಕ್ಕೆ ತಕ್ಕಂತೆ ಚಿನ್ನ ಮತ್ತು ಬೆಳ್ಳಿ ಎಂಬ ಎರಡು ದರ್ಜೆಗಳಲ್ಲಿ ಗುರುತಿಸಲಾಗುತ್ತದೆ. ಈ ವ್ಯಾಖ್ಯೆಯಂತೆ ನೋಡಿದರೆ ಮಾಲೀಕರಿಲ್ಲದ ಬಂಗಲೆಗಳೂ ಹತ್ತಾರು ಕೋಣೆಗಳ ಕಟ್ಟಡಗಳೂ ಹೋಂಸ್ಟೇ ಎಂಬ ಹೆಸರಿಗೆ ಅರ್ಹವಲ್ಲ. ಆದರೂ ಜಾಹೀರಾತುಗಳಲ್ಲಿ ಈ ಪದವನ್ನು ಸಡಿಲವಾಗಿ ಬಳಸಲಾಗುತ್ತದೆ.

ವಿದೇಶಿ ಅತಿಥಿಗಳು ಬಂದ 24 ಗಂಟೆಗಳೊಳಗೆ ಅವರ ವಿವರವನ್ನು ಸಂಬಂಧಪಟ್ಟ ನೋಂದಣಿ ಅಧಿಕಾರಿಗೆ ಸಲ್ಲಿಸುವುದು ಮನೆಯವರ ಹೊಣೆ. ಕೃಷಿ ಜಮೀನನ್ನು ರೆಸಾರ್ಟಿನಂತಹ ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಅಗತ್ಯ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಹೋಂಸ್ಟೇಯವರ ಜೀಪಿನಲ್ಲಿ ಹೋದ ಮಾತ್ರಕ್ಕೆ ಅತಿಥಿಗೆ ಇದರಿಂದ ವಿನಾಯಿತಿ ಸಿಗುವುದಿಲ್ಲ.

ವಸತಿ ಹುಡುಕುವ ಕ್ರಮ

ವಸತಿಗಳು ಮುಖ್ಯವಾಗಿ ಮೂರು ದಾರಿಗಳಲ್ಲಿ ತಿಳಿದುಬರುತ್ತವೆ: ಪ್ರವಾಸೋದ್ಯಮ ಇಲಾಖೆಯ ನೋಂದಾಯಿತ ಹೋಂಸ್ಟೇಗಳ ಪಟ್ಟಿ, ಅಂತರ್ಜಾಲದ ಕಾಯ್ದಿರಿಸುವ ತಾಣಗಳು ಮತ್ತು ಹಿಂದೆ ಹೋಗಿಬಂದವರ ಶಿಫಾರಸು. ಸಣ್ಣ ಮನೆಗಳು ಕಾಯ್ದಿರಿಸುವ ತಾಣಗಳಲ್ಲಿ ಇರುವುದೇ ಇಲ್ಲ, ದೂರವಾಣಿಯಲ್ಲಿ ಮಾತ್ರ ವ್ಯವಹರಿಸುತ್ತವೆ. ತಾಣಗಳ ನಕ್ಷೆಯಲ್ಲಿ ಗುರುತಿಸಿದ ಜಾಗವು ಮನೆಯದಾಗಿರದೆ ಹತ್ತಿರದ ಊರಿನದಾಗಿರುವುದುಂಟು. ನಕ್ಷೆ ತೋರಿಸುವ ಹತ್ತಿರದ ದಾರಿಯು ತೋಟದೊಳಗಿನ ಖಾಸಗಿ ದಾರಿಯೋ ಕಾಡುದಾರಿಯೋ ಆಗಿರುವುದೂ ಉಂಟು. ಆದ್ದರಿಂದ ದಾರಿಯನ್ನು ಮನೆಯವರಿಂದಲೇ ಕೇಳಿ ತಿಳಿಯುವುದು ರೂಢಿ.

ಮುಂಗಡ ಕೊಡುವ ಮೊದಲು ಸಾಮಾನ್ಯವಾಗಿ ಖಚಿತಪಡಿಸಿಕೊಳ್ಳಬೇಕಾದ ಸಂಗತಿಗಳು ಇವು:

ನೋಂದಣಿ ಸಂಖ್ಯೆ ಮತ್ತು ಮಾಲೀಕರು ಸ್ಥಳದಲ್ಲಿರುತ್ತಾರೆಯೇ ಎಂಬುದು.
ಕಾರು ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಮನೆಗೆ ದೂರವೆಷ್ಟು, ಜೀಪಿನ ಬಾಡಿಗೆ ಯಾರದು ಎಂಬುದು.
ಎಷ್ಟು ಹೊತ್ತಿನೊಳಗೆ ತಲುಪಬೇಕು ಎಂಬುದು.
ದರವು ತಲೆಗೋ ಕೋಣೆಗೋ, ಊಟ ಎಷ್ಟು ಹೊತ್ತಿನದು ಸೇರಿದೆ ಎಂಬುದು.
ಮೊಬೈಲ್ ಸಿಗ್ನಲ್ ಮತ್ತು ವಿದ್ಯುತ್ ಹೋದಾಗಿನ ಬದಲಿ ವ್ಯವಸ್ಥೆ.
ಮಳೆ, ಗುಡ್ಡ ಕುಸಿತ ಅಥವಾ ಅರಣ್ಯ ಇಲಾಖೆಯ ನಿರ್ಬಂಧದಿಂದ ಬರಲಾಗದಿದ್ದರೆ ಮುಂಗಡ ಮರಳುವ ಷರತ್ತು.
ವೃದ್ಧರು, ಮಕ್ಕಳು ಅಥವಾ ರೋಗಿಗಳಿದ್ದರೆ ಹತ್ತಿರದ ಆಸ್ಪತ್ರೆಗೆ ತಗಲುವ ಸಮಯ.

ಬೇರೆಯವರ ಮನೆಯ ಚಿತ್ರಗಳನ್ನು ಹಾಕಿ ಮುಂಗಡ ಪಡೆದು ಮರೆಯಾಗುವ ನಕಲಿ ಪುಟಗಳು ಪ್ರವಾಸಿ ವಸತಿಯ ಕ್ಷೇತ್ರದಲ್ಲಿ ಪರಿಚಿತ ವಂಚನೆ. ರಸ್ತೆಬದಿಯಲ್ಲಿ ಫಲಕವೂ ಇಲ್ಲದ ತೋಟದ ಮನೆಗಳ ವಿಷಯದಲ್ಲಿ ಹೊರಗಿನವರು ಇದನ್ನು ಪತ್ತೆಹಚ್ಚುವುದು ಕಷ್ಟ. ಇಲಾಖೆಯ ಪಟ್ಟಿಯಲ್ಲಿನ ದೂರವಾಣಿಗೆ ಕರೆಮಾಡಿ ಪರಿಶೀಲಿಸುವುದು ಸರಳ ಉಪಾಯ.

ಋತುಮಾನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಭಾರೀ ಮಳೆ. ಹುಲ್ಲುಗಾವಲು ಹಸಿರಾಗಿ, ಜಲಪಾತಗಳು ತುಂಬುವ ಈ ಕಾಲದಲ್ಲಿಯೇ ಪ್ರವಾಸಿಗಳ ಒಂದು ವರ್ಗ ಬರುತ್ತದೆ. ಆದರೆ ಇಂಬಳಗಳ ಕಾಟ, ದಿನಗಟ್ಟಲೆ ವಿದ್ಯುತ್ ಇಲ್ಲದಿರುವುದು ಮತ್ತು ಗುಡ್ಡ ಕುಸಿತ ಈ ಕಾಲದ ವಾಸ್ತವಗಳು. 2018ರ ಆಗಸ್ಟಿನ ಮಳೆಯಲ್ಲಿ ಶಿರಾಡಿ ಘಾಟಿಯ ಸಂಚಾರ ಬಂದಾಯಿತು. 2024ರ ಜುಲೈಯಲ್ಲಿ ಸಕಲೇಶಪುರದ ಬಳಿ ದೊಡ್ಡತಪ್ಪಲಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿತು. ಅದೇ ತಿಂಗಳು ಎಡಕುಮರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ರೈಲು ಸಂಚಾರ ನಿಂತಿತು. ಇಂಥ ಸಂದರ್ಭಗಳಲ್ಲಿ ವಸತಿ ಸಿಕ್ಕಿದ್ದರೂ ಅಲ್ಲಿಗೆ ಹೋಗುವ ದಾರಿ ಇರುವುದಿಲ್ಲ.

ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಅವಧಿ ವಾಸ್ತವ್ಯಕ್ಕೆ ಅನುಕೂಲ. ಆದರೆ ಕಾಫಿ ಕೊಯ್ಲು ನಡೆಯುವುದೂ ಚಳಿಗಾಲದಲ್ಲಿಯೇ ಆದ್ದರಿಂದ ಕೆಲವು ಮನೆಗಳು ಆ ವಾರಗಳಲ್ಲಿ ಅತಿಥಿಗಳನ್ನು ಒಪ್ಪಿಕೊಳ್ಳುವುದಿಲ್ಲ. ಜೀಪು, ಆಳು, ಮನೆಯವರ ಗಮನ ಎಲ್ಲವೂ ಕಣದ ಕಡೆಗಿರುತ್ತವೆ. ದಸರಾ, ಕ್ರಿಸ್‌ಮಸ್ ಮತ್ತು ಉದ್ದ ವಾರಾಂತ್ಯಗಳಲ್ಲಿ ಕೋಣೆಗಳು ಬಹಳ ಮೊದಲೇ ತುಂಬುತ್ತವೆ.

ಕಾಡಾನೆ ಮತ್ತು ಸುರಕ್ಷತೆ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳು ರಾಜ್ಯದಲ್ಲಿ ಮಾನವ–ಆನೆ ಸಂಘರ್ಷ ತೀವ್ರವಾಗಿರುವ ಪ್ರದೇಶಗಳು. ಇಲ್ಲಿ ಆನೆಗಳು ಕಾಫಿ ತೋಟಗಳಲ್ಲಿಯೇ ಹಗಲು ಕಳೆದು ಸಂಜೆಯ ನಂತರ ಗದ್ದೆಗಳ ಕಡೆಗೆ ಚಲಿಸುತ್ತವೆ. ಉಚ್ಚ ನ್ಯಾಯಾಲಯದ ನಿರ್ದೇಶನದಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ಸಲ್ಲಿಸಿದ ವರದಿಯಲ್ಲಿ ಈ ಭಾಗದ ಸಮಸ್ಯೆಯನ್ನು ವಿಶೇಷವಾಗಿ ಪರಿಶೀಲಿಸಿತ್ತು. ಆನಂತರ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಸೆರೆಹಿಡಿದು ಸ್ಥಳಾಂತರಿಸಿದರೂ ಸಂಘರ್ಷ ಕೊನೆಗೊಳ್ಳಲಿಲ್ಲ. ಮೈಸೂರು ದಸರೆಯಲ್ಲಿ 2012ರಿಂದ 2019ರವರೆಗೆ ಅಂಬಾರಿ ಹೊತ್ತಿದ್ದ ಆನೆ ಅರ್ಜುನ, 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ನಡೆದ ಸೆರೆ ಕಾರ್ಯಾಚರಣೆಯ ವೇಳೆ ಕಾಡಾನೆಯೊಡನೆ ಹೋರಾಡಿ ಮೃತಪಟ್ಟಿತು.

ಈ ಹಿನ್ನೆಲೆಯಲ್ಲಿ ಕತ್ತಲಾಗುವ ಮುನ್ನ ಮನೆ ಸೇರಬೇಕೆಂಬ ಹೋಂಸ್ಟೇಗಳ ನಿಯಮ ಕೇವಲ ಶಿಸ್ತಿನದಲ್ಲ. ತೋಟದ ದಾರಿ ಕಿರಿದಾಗಿದ್ದು, ಎರಡೂ ಬದಿಗೆ ಕಾಫಿ ಗಿಡಗಳಿರುವುದರಿಂದ ಆನೆ ಹತ್ತಾರು ಅಡಿ ಸಮೀಪವಿದ್ದರೂ ಕಾಣದಿರಬಹುದು. ಕಾರನ್ನು ಕೆಳಗೆ ಬಿಟ್ಟು ನಡೆದು ಬರುವವರಿಗೆ ಅಪಾಯ ಇನ್ನೂ ಹೆಚ್ಚು. ಹಲಸು ಹಣ್ಣಾಗುವ ಬೇಸಿಗೆಯ ಕೊನೆಯಲ್ಲಿಯೂ ಭತ್ತ ತೆನೆಗಟ್ಟುವ ನವೆಂಬರ್ ಸುಮಾರಿಗೂ ಆನೆಗಳು ಮನೆಗಳ ಬಳಿಗೆ ಬರುವುದು ಹೆಚ್ಚು. ಅರಣ್ಯ ಇಲಾಖೆಯು ಆನೆಗಳ ಇರುವಿಕೆಯನ್ನು ಸಂದೇಶಗಳ ಮೂಲಕ ಗ್ರಾಮಸ್ಥರಿಗೆ ತಿಳಿಸುತ್ತದೆ. ಈ ಸಂದೇಶ ತಲುಪುವುದು ಸ್ಥಳೀಯರಿಗೆ. ಮಾಲೀಕರು ಸ್ಥಳದಲ್ಲಿರಬೇಕೆಂಬ ಷರತ್ತಿನ ಪ್ರಯೋಜನ ಇಲ್ಲಿ ಸ್ಪಷ್ಟವಾಗುತ್ತದೆ: ಆ ದಿನ ಆನೆ ಯಾವ ಹಳ್ಳದಲ್ಲಿದೆ ಎಂಬುದನ್ನು ಬಲ್ಲವರು ಮನೆಯಲ್ಲಿದ್ದರೆ ಮಾತ್ರ ಅತಿಥಿ ಸುರಕ್ಷಿತ.

ಪರಿಸರದ ಮೇಲಿನ ಒತ್ತಡ

ಪಶ್ಚಿಮ ಘಟ್ಟದ 39 ತಾಣಗಳು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬಿಸಿಲೆಯಿಂದ ಕಾಣುವ ಪುಷ್ಪಗಿರಿ ವನ್ಯಜೀವಿಧಾಮ ಅವುಗಳಲ್ಲಿ ಒಂದು. ಹುಲ್ಲುಗಾವಲಿನ ಮೇಲೆ ಜೀಪು ಓಡಿಸುವುದು ಇಲ್ಲಿನ ಮುಖ್ಯ ಆತಂಕಗಳಲ್ಲೊಂದು. ಚಕ್ರದ ಜಾಡು ಹುಲ್ಲಿನ ಬೇರನ್ನು ಕಿತ್ತು, ಮಳೆಗಾಲದಲ್ಲಿ ಅದೇ ಜಾಡು ನೀರಿನ ಕಾಲುವೆಯಾಗಿ ಮಣ್ಣನ್ನು ಕೊಚ್ಚುತ್ತದೆ. ಪ್ಲಾಸ್ಟಿಕ್ ಕಸ, ರಾತ್ರಿಯ ಧ್ವನಿವರ್ಧಕ ಮತ್ತು ಹೊಳೆಯ ಬದಿಯ ಮೋಜುಕೂಟಗಳ ಬಗ್ಗೆಯೂ ಆಕ್ಷೇಪಗಳಿವೆ.

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಭಾರೀ ಜನಸಂದಣಿ ಉಂಟಾದ ಬಳಿಕ ಅರಣ್ಯ ಇಲಾಖೆಯು ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಮುಂದೆ ದಿನಕ್ಕೆ ಇಂತಿಷ್ಟೇ ಜನರೆಂಬ ಮಿತಿಯೊಡನೆ ಅಂತರ್ಜಾಲದಲ್ಲಿ ಕಾಯ್ದಿರಿಸುವ ಪದ್ಧತಿಯನ್ನು ತಂದಿತು. ವಸತಿ ಕಾಯ್ದಿರಿಸಿದವರಿಗೆ ಚಾರಣದ ಅನುಮತಿ ತಾನಾಗಿ ದೊರೆಯುವುದಿಲ್ಲ. ಎರಡನ್ನೂ ಪ್ರತ್ಯೇಕವಾಗಿ ಪಡೆಯಬೇಕು.

ಪಶ್ಚಿಮ ಘಟ್ಟದ ಪರಿಸರಸೂಕ್ಷ್ಮ ಪ್ರದೇಶಗಳನ್ನು ಕುರಿತ ಕೇಂದ್ರ ಸರ್ಕಾರದ ಕರಡು ಅಧಿಸೂಚನೆಗಳಲ್ಲಿ ಸಕಲೇಶಪುರ ತಾಲ್ಲೂಕಿನ ಹಲವು ಗ್ರಾಮಗಳಿವೆ. 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಹೊಸ ಕಟ್ಟಡ ಯೋಜನೆಗಳನ್ನು ಈ ಕರಡು ನಿಷೇಧಿಸುತ್ತದೆ. ಸಣ್ಣ ಹೋಂಸ್ಟೇಗಳು ಈ ಮಿತಿಗಿಂತ ಬಹಳ ಕೆಳಗಿವೆ. ಆದರೂ ಕೃಷಿ ಮತ್ತು ಜೀವನೋಪಾಯದ ಮೇಲೆ ನಿರ್ಬಂಧ ಬರಬಹುದೆಂಬ ಭೀತಿಯಿಂದ ಸ್ಥಳೀಯ ವಿರೋಧ ಪ್ರಬಲವಾಗಿದೆ. ಕರ್ನಾಟಕ ಸರ್ಕಾರವೂ 2024ರಲ್ಲಿ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ನಿರ್ಧಾರ ತಳೆಯಿತು.

ವಾಹನರಹಿತ ಗಿರಿಧಾಮಗಳೊಡನೆ ಹೋಲಿಕೆ

ಕಾರಿಲ್ಲದ ಬೆಟ್ಟದೂರುಗಳು ಬೇರೆಡೆ ಯೋಜಿತವಾಗಿ ರೂಪುಗೊಂಡಿವೆ. ಆಲ್ಪ್ಸ್ ಪರ್ವತದ ಹಿಮಜಾರಾಟದ ಊರಾದ ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ಗೆ ಹೋಗುವವರು ಸುಮಾರು 5 ಕಿ.ಮೀ. ಕೆಳಗಿನ ಟೇಶ್‌ನಲ್ಲಿ ಕಾರು ನಿಲ್ಲಿಸಿ ರೈಲು ಹತ್ತುತ್ತಾರೆ. ಊರೊಳಗೆ ಓಡುವುದು ಸಣ್ಣ ವಿದ್ಯುತ್ ವಾಹನಗಳು. ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ ಖಾಸಗಿ ವಾಹನಗಳು ದಸ್ತೂರಿ ನಾಕೆಯಲ್ಲಿಯೇ ನಿಲ್ಲುತ್ತವೆ. ಅಲ್ಲಿಂದ ಮುಂದೆ ಕಾಲ್ನಡಿಗೆ, ಕುದುರೆ ಅಥವಾ 1907ರಿಂದ ಇರುವ ಕಿರುರೈಲು. ಮಾಥೇರಾನ್ 2003ರಲ್ಲಿ ಪರಿಸರಸೂಕ್ಷ್ಮ ವಲಯವಾಗಿ ಘೋಷಿತವಾಯಿತು. ಕರ್ನಾಟಕದಲ್ಲಿ ಇದಕ್ಕೆ ಹತ್ತಿರವಾದ ಇನ್ನೊಂದು ನಿದರ್ಶನ ಕಳಸ ಸಮೀಪದ ಮುಳ್ಳೋಡಿ. ಕುದುರೆಮುಖ ಚಾರಣಿಗರು ಕೆಳಗಿನ ಊರಿನಲ್ಲಿ ವಾಹನ ಬಿಟ್ಟು ಜೀಪಿನಲ್ಲಿ ಅಲ್ಲಿಗೆ ಹೋಗುತ್ತಾರೆ.

ವನಗೂರು ಸೀಮೆಯ ವ್ಯತ್ಯಾಸವೆಂದರೆ ಇಲ್ಲಿ ಕಾರನ್ನು ತಡೆದಿರುವುದು ನಿಯಮವಲ್ಲ, ದಾರಿಯ ಸ್ಥಿತಿ. ಸಾರ್ವಜನಿಕ ನಿಲುಗಡೆಯ ಜಾಗ, ಗೊತ್ತುಪಡಿಸಿದ ದರದ ಜೀಪು, ವಸತಿಗಳ ವಿವರ ನೀಡುವ ಕೇಂದ್ರ ಇವು ಜೆರ್ಮಾಟ್‌ನಲ್ಲಿ ಊರಿನ ವ್ಯವಸ್ಥೆಯ ಭಾಗವಾದರೆ, ಇಲ್ಲಿ ಪ್ರತಿಯೊಂದು ಮನೆಯೂ ತನ್ನದೇ ಏರ್ಪಾಡು ಮಾಡಿಕೊಂಡಿದೆ. ಕಚ್ಚಾ ದಾರಿಗಳು ಕಾಂಕ್ರೀಟ್ ಆದಂತೆ ಕಾರುಗಳು ಮೇಲೇರುತ್ತವೆ. ಅದೇ ರಸ್ತೆ ತೋಟದ ಕುಟುಂಬಗಳಿಗೆ ಆಸ್ಪತ್ರೆಯ ದಾರಿಯೂ ಮಕ್ಕಳ ಶಾಲೆಯ ದಾರಿಯೂ ಆಗಿದೆ. ನಿವಾಸಿಗಳಿಗೆ ಬೇಕಾದ ರಸ್ತೆಯನ್ನು ಒದಗಿಸುತ್ತಲೇ ಪ್ರವಾಸಿ ವಾಹನಗಳನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಈ ಸೀಮೆಯ ಪ್ರವಾಸೋದ್ಯಮದ ಮುಂದಿರುವ ಮುಖ್ಯ ಪ್ರಶ್ನೆಯಾಗಿದೆ.